ಹೊನ್ನಮ್ಮ ಒರಗುತ್ತಿದ್ದ ಗೋಡೆ

ನಮ್ಮೂರಿನಲ್ಲಿ ಯಾರ ಮನೆಯ ಗೋಡೆಗೆ ತೇಪೆ ಬಿದ್ದಿದೆ ಎಂದು ತಿಳಿಯಲು ಮನೆಯೊಳಗೆ ಹೋಗಬೇಕಾಗಿಲ್ಲ, ಅವರ ಕಣ್ಣು ನೋಡಿದರೆ ಸಾಕು. ಗಾರೆ ಉದುರಿದ ಕಡೆ, ಮೊಳೆ ಕಿತ್ತ ಕಡೆ, ವೈರಿಂಗಿನವರು ಕೊರೆದು ಸಿಮೆಂಟು ಮೆತ್ತಿ ಹೋದ ಕಡೆ ನಾವು ಕೈಯಾರೆ ಬಳಿದ ಬಣ್ಣ ಸುತ್ತಲಿನ ಬಣ್ಣದೊಂದಿಗೆ ಕೂಡಿಕೊಳ್ಳುವ ತನಕ ಆ ಮನೆಯಲ್ಲಿ ಯಾರಿಗೂ ನಿದ್ದೆ ಹತ್ತುವುದಿಲ್ಲ. ತಾನಾಗಿ ಮಾಸಿದ್ದಕ್ಕೆ, ಹೊಗೆ ಹಿಡಿದದ್ದಕ್ಕೆ, ಕೈಯಾಡಿ ಕಪ್ಪಾದದ್ದಕ್ಕೆ ಗೋಡೆ ತಕರಾರು ಮಾಡುವುದಿಲ್ಲ. ತೇಪೆಯೊಂದನ್ನು ಮಾತ್ರ ಸಹಿಸುವುದಿಲ್ಲ. ಪಕ್ಕದ ಮನೆಯಲ್ಲಿ ಹೋಗಿ ಮಲಗೋಣವೆಂದರೆ ಅಲ್ಲಿಯ ಬಣ್ಣ ನಮ್ಮದಲ್ಲ. ಇಡೀ ಮನೆಗೆ ಹೊಸ ಬಣ್ಣ ಹೊಡೆಸಿಬಿಡೋಣವೆಂದರೆ ಹೊಸ ಬಣ್ಣ ಮೈಗೆ ಹತ್ತಲು ವರ್ಷವಾದರೂ ಬೇಕು, ಅಲ್ಲಿಯವರೆಗೆ ಬರೀ ಕೋಳಿನಿದ್ದೆ. ಹಾಗಾಗಿ ಇಲ್ಲಿಯವರು ಅಜ್ಜನ ಕಾಲದ ಬಣ್ಣವನ್ನೇ ತೇಪೆ ಹಾಕಿ ಹಾಕಿ ಕಾಪಾಡಿಕೊಂಡು ಬರುತ್ತಾರೆ.

ನಾನು ಕೆಲಸ ಮಾಡುವುದು ಮರಿಸ್ವಾಮಣ್ಣನವರ ಬಣ್ಣದಂಗಡಿಯಲ್ಲಿ. ಹಳೆಯ ಗೋಡೆಗೆ ಹೊಂದುವ ಬಣ್ಣ ಕಲಸಿಕೊಡುವುದು ನನ್ನ ಕೆಲಸ. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದಾಗ ಅವರೇ ಬಂದು ಅಪ್ಪನಿಗೆ ಹೇಳಿ ಕರೆದುಕೊಂಡರು. "ನಿಮ್ಮ ಚಾರುಮತಿ ಬಾಯಿ ಬಿಡಲ್ಲ, ಕೌಂಟರ್‌ನಲ್ಲಿ ಕೂರಿಸಿದ್ರೆ ಗಿರಾಕಿ ಓಡಿಹೋಗ್ತಾರೆ. ಒಳಗೆ ಕೂತು ಬಣ್ಣ ಕಲಸಲಿ ಬಿಡಿ" ಎಂದಿದ್ದರು. ನನಗೂ ಅದೇ ಬೇಕಿತ್ತು. ಬಿಳಿ ಡಿಸ್ಟೆಂಪರಿಗೆ ಸ್ಟೇನರ್ ಬಾಟಲಿಯಿಂದ ಹನಿ ಹನಿ ಬಿಟ್ಟು, ಕಡ್ಡಿಯಲ್ಲಿ ಕಲಕಿ, ರಟ್ಟಿನ ಮೇಲೆ ಬಳಿದು ಒಣಗುವುದನ್ನೇ ಕಾಯುತ್ತ ಕೂರಬೇಕು. ಹಸಿಯಲ್ಲಿ ಒಂದು ಬಣ್ಣ, ಒಣಗಿದ ಮೇಲೆ ಇನ್ನೊಂದು. ಟ್ಯೂಬ್‌ಲೈಟಿನಲ್ಲಿ ನೋಡಬಾರದು, ನೆತ್ತಿಯ ಬಿಸಿಲಿನಲ್ಲೂ ನೋಡಬಾರದು. ಬೆಳಗಿನ ಬೆಳಕಿನಲ್ಲಿ ಕಿಟಕಿಯ ಪಕ್ಕ ಹಿಡಿದು, ಕಣ್ಣು ಅರ್ಧ ಮುಚ್ಚಿಕೊಂಡು ನೋಡಬೇಕು. ಗಿರಾಕಿ ಗೋಡೆಯಿಂದ ಕಿತ್ತು ತಂದ ಚಕ್ಕೆ ಎಲ್ಲಿ, ರಟ್ಟು ಎಲ್ಲಿ ಎಂದು ಗೊತ್ತಾಗದಿದ್ದರೆ ಗೆದ್ದ ಹಾಗೆ. ನನಗೇನೋ ನಮ್ಮ ಮನೆಯಲ್ಲಿ ಚೆನ್ನಾಗಿಯೇ ನಿದ್ದೆ ಬರುತ್ತದೆ. ಆದರೂ ದಿನವಿಡೀ ನಿದ್ದೆಗೆಟ್ಟವರ ನಡುವೆ ಕೂತು ಕೂತು ಅವರ ಆಯಾಸ ನನ್ನ ಮೈಗೂ ಅಂಟಿಕೊಂಡುಬಿಟ್ಟಿದೆ. ಸಂಜೆ ಮನೆಗೆ ಹೋದರೆ ಅಮ್ಮ ತೋರಿಸುವ ಗಂಡುಗಳ ಫೋಟೋ ನೋಡುವಾಗಲೂ ನನ್ನ ಕಣ್ಣು ಅವರ ಮುಖಕ್ಕಿಂತ ಹಿಂದಿನ ಗೋಡೆಯ ಕಡೆಗೇ ಹೋಗುತ್ತದೆ.

ಜಯಕ್ಕ ಬಂದದ್ದು ಒಂದು ಬೆಳಿಗ್ಗೆ, ಅಂಗಡಿಯ ಷಟರ್ ಇನ್ನೂ ಪೂರ್ತಿ ಏರಿರಲಿಲ್ಲ. ಬಗ್ಗಿಕೊಂಡೇ ಒಳಗೆ ಬಂದಳು. ಅವಳ ಗಂಡ ರುದ್ರೇಶಣ್ಣ ನಮ್ಮೂರಿನಿಂದ ಘಟ್ಟ ಹತ್ತುವ ಒಂದೇ ಒಂದು ಬಸ್ಸಿನ ಡ್ರೈವರು. ಅತ್ತೆ ಹೊನ್ನಮ್ಮ ತೀರಿಕೊಂಡು ಆಗಷ್ಟೇ ತಿಥಿ ಮುಗಿದಿತ್ತು. ಜಯಕ್ಕ ಸೆರಗಿನ ಗಂಟು ಬಿಚ್ಚಿ ಉಗುರಿನಷ್ಟು ಅಗಲದ ಹಸಿರು ಚಕ್ಕೆ ತೆಗೆದು ನನ್ನ ಮುಂದಿಟ್ಟಳು.

"ನಡುಮನೆ ಗೋಡೆದು ಕಣಮ್ಮ. ನಮ್ಮತ್ತೆ ಒರಗಿಕೊಂಡು ಒರಗಿಕೊಂಡು ಎಣ್ಣೆ ಕಲೆ ಮಾಡಿಟ್ಟಿದ್ರು. ತಿಥಿಗೆ ನೆಂಟ್ರು ಬರ್ತಾರಲ್ಲ, ಕೆರೆದು ಪುಟ್ಟಿ ಹಾಕಿಸ್ದೆ. ಇದೇ ಹಸಿರು ಬೇಕು."

"ಎಷ್ಟಗಲ?" ಎಂದೆ.

"ಒಂದು ತಲೆ ಅಗಲ" ಎಂದಳು.

ನಾನು ಕಲಸಿದೆ. ಪಾಚಿಯ ಬಣ್ಣದ ಹಳೆಯ ಹಸಿರು, ಒಂದು ಹನಿ ಕಪ್ಪು, ಒಂದೂವರೆ ಹನಿ ಹಳದಿ. ಹೊಂದಿತು. ತೆಗೆದುಕೊಂಡು ಹೋದಳು. ಮಾರನೆಯ ಬೆಳಿಗ್ಗೆ ಮತ್ತೆ ಬಂದಳು, ಕಣ್ಣು ನಿದ್ದೆಗೆಟ್ಟು ಕೆಂಪು.

ಮರಿಸ್ವಾಮಣ್ಣ ಕೌಂಟರಿನಿಂದಲೇ ಕೂಗಿದರು. "ಏನಮ್ಮಾ ಡಿಗ್ರಿ ಮೇಡಂ, ಕಲಸಿದ್ಯೋ ಕಲಕಿದ್ಯೋ?"

ಚಕ್ಕೆಯನ್ನು ಎಲ್ಲಿಂದ ಕಿತ್ತೆ ಎಂದು ಜಯಕ್ಕನನ್ನು ಕೇಳಿದೆ. ಕ್ಯಾಲೆಂಡರಿನ ಹಿಂದಿನಿಂದ ಅಂದಳು. ನಮ್ಮೂರಿನಲ್ಲಿ ಎಲ್ಲರೂ ಮಾಡುವ ತಪ್ಪು ಇದು. ಎದ್ದು ಕಾಣಬಾರದೆಂದು ಕ್ಯಾಲೆಂಡರಿನ ಹಿಂದಿನಿಂದಲೋ ಬೀರುವಿನ ಹಿಂದಿನಿಂದಲೋ ಚಕ್ಕೆ ಕೀಳುತ್ತಾರೆ. ಅಲ್ಲಿ ಬಿಸಿಲು ಬಿದ್ದಿರುವುದಿಲ್ಲ, ಒಗ್ಗರಣೆಯ ಹೊಗೆ ತಾಗಿರುವುದಿಲ್ಲ, ಮದುವೆಯಾದ ಹೊಸದರಲ್ಲಿ ಇದ್ದ ಬಣ್ಣ ಹಾಗೇ ಇರುತ್ತದೆ. ಈಗ ಬದುಕುತ್ತಿರುವ ಗೋಡೆ ಬೇರೆಯೇ. ತೇಪೆಯ ಪಕ್ಕದಿಂದಲೇ ಕಿತ್ತು ತರಲು ಹೇಳಿ ಇನ್ನೊಮ್ಮೆ ಕಲಸಿಕೊಟ್ಟೆ. ಅದೂ ಆಗಲಿಲ್ಲ. ಮತ್ತೊಮ್ಮೆ ಕಲಸಿದೆ. ಅದೂ ಇಲ್ಲ.

ಅಷ್ಟರಲ್ಲಿ ಊರಿಗೇ ಸುದ್ದಿಯಾಗಿತ್ತು. ಬೇರೆಯವರ ಮನೆಯ ತೇಪೆ ಬೇರೆಯವರ ತಲೆನೋವು, ಡ್ರೈವರನ ಮನೆಯ ತೇಪೆ ಮಾತ್ರ ಎಲ್ಲರದು. ರುದ್ರೇಶಣ್ಣ ತೂಕಡಿಸದಿರಲೆಂದು ಘಟ್ಟದ ಸಂತೆಗೆ ಹೋಗುವ ಮುದುಕಿಯರು ಸರದಿಯ ಮೇಲೆ ಡ್ರೈವರ್ ಸೀಟಿನ ಹಿಂದೆ ಕೂತು ಒಗಟು ಕೇಳುತ್ತಿದ್ದರು. ಉತ್ತರ ಹೇಳದಿದ್ದರೆ ಕತ್ತಿಗೆ ತಣ್ಣೀರು ಚಿಮುಕಿಸುತ್ತಿದ್ದರು. ಶಾಲೆಯ ಮಕ್ಕಳು ಮಗ್ಗಿ ಕೂಗುತ್ತಿದ್ದರು. ಯಾರೂ ಬಸ್ಸು ಹತ್ತುವುದನ್ನು ಬಿಡಲಿಲ್ಲ, ಬೇರೆ ಬಸ್ಸಿರಲಿಲ್ಲ. ರುದ್ರೇಶಣ್ಣನಂಥ ಡ್ರೈವರೂ ಇರಲಿಲ್ಲ. ಮಳೆಯಲ್ಲಿ, ಮಂಜಿನಲ್ಲಿ, ಒಂದು ಕೋಳಿಗೂ ಏಟು ತಾಗಿಸದೆ ಆ ತಿರುವುಗಳಲ್ಲಿ ಬಸ್ಸು ಓಡಿಸಿದವನು ಅವನು. ಹೀಗೇ ಆದರೆ ಅವನ ಕೈಯಿಂದ ಬಸ್ಸು ಹೋಗುತ್ತದೆ, ಇಲ್ಲವೇ ಬಸ್ಸೇ ಕಣಿವೆಗೆ ಹೋಗುತ್ತದೆ ಎಂದು ಅಂಗಡಿ ಕಟ್ಟೆಯ ಮೇಲೆ ಕೂತವರು ಮಾತಾಡಿಕೊಳ್ಳುವುದು ಒಳಗೆ ಕೂತ ನನಗೂ ಕೇಳಿಸುತ್ತಿತ್ತು. ಅವರು ನನ್ನ ಹೆಸರು ಎತ್ತುತ್ತಿರಲಿಲ್ಲ. ಎತ್ತದೇ ಇರುವುದೂ ಕೇಳಿಸುತ್ತಿತ್ತು.

"ಮನೆಗೇ ಹೋಗಿ ನೋಡ್ಕೊಂಡು ಬಾ" ಎಂದರು ಮರಿಸ್ವಾಮಣ್ಣ, ಈ ಸಲ ತಮಾಷೆ ಮಾಡದೆ. "ನಾಳೆ ನನ್ನ ಮಗಳೂ ಆ ಬಸ್ಸಲ್ಲೇ ಹೋಗೋಳು."

ಬೆಳಿಗ್ಗೆ ಬೇಗ ಹೋದೆ. ರುದ್ರೇಶಣ್ಣ ಡ್ಯೂಟಿಗೆ ಹೊರಟು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದ. ಎಡಗಾಲಿನದು ಬಲಗಾಲಿಗೆ ಹಾಕಿಕೊಂಡು, ಯಾಕೆ ಹಿಡಿಯುತ್ತಿದೆ ಎಂದು ಬಗ್ಗಿ ನೋಡುತ್ತ ನಿಂತಿದ್ದ.

"ಬಾರಮ್ಮಾ" ಎಂದ. "ನಮ್ಮ ಗೋಡೆ ಏನಂತೆ ಕೇಳು. ನನ್ನ ಹತ್ರ ಅಂತೂ ಮಾತು ಬಿಟ್ಟಿದೆ."

"ಹೋಗಿ ಬನ್ನಿ, ಹೊತ್ತಾಯ್ತು" ಎಂದು ಜಯಕ್ಕ ಅವನ ಚಪ್ಪಲಿ ಸರಿಮಾಡಿ ಕಳಿಸಿದಳು. ಅವನು ಗೇಟು ದಾಟುವವರೆಗೂ ಬಾಗಿಲಲ್ಲೇ ನಿಂತಿದ್ದಳು.

ನಡುಮನೆಯಿಂದ ಅಡುಗೆಮನೆಗೆ ಹೋಗುವ ಬಾಗಿಲಿನ ಪಕ್ಕ, ನೆಲದಲ್ಲಿ ಕೂತರೆ ತಲೆ ತಾಗುವಷ್ಟು ಎತ್ತರದಲ್ಲಿ ಇತ್ತು ತೇಪೆ. ಎದುರಿಗೆ ನಿಂತು ನೋಡಿದರೆ ಏನೂ ಕಾಣಿಸಲಿಲ್ಲ. ಹಸಿರಿಗೆ ಹಸಿರು ಸರಿಯಾಗಿ ಕೂತಿತ್ತು. ನಾನು ಇಷ್ಟು ಚೆನ್ನಾಗಿ ಯಾವತ್ತೂ ಹೊಂದಿಸಿರಲಿಲ್ಲ. ಹಾಗಾದರೆ ಗೋಡೆಗೆ ಇನ್ನೇನು ಬೇಕಂತೆ ಎಂದು ಸುಸ್ತಾಗಿ ಅದರ ಬುಡದಲ್ಲೇ ಕುಕ್ಕರಿಸಿದೆ. ಕಿಟಕಿಯ ಬೆಳಕು ಗೋಡೆಯ ಮೇಲೆ ಓರೆಯಾಗಿ ಹರಿಯುತ್ತಿತ್ತು. ಕೂತಲ್ಲಿಂದ ಓರೆಯಾಗಿ ನೋಡಿದಾಗ ತೇಪೆಯ ಮೇಲೆ ಸಾಸಿವೆಗಿಂತ ಸಣ್ಣ ಕಾಳುಗಳು ಎದ್ದಿರುವುದು ಕಂಡಿತು. ಬೆರಳಾಡಿಸಿದೆ. ಒರಟೊರಟಾಗಿತ್ತು. ಉಗುರಿನಿಂದ ಒಂದು ಕಾಳನ್ನು ಗೀರಿದೆ. ಒಳಗೆ ರೋಸು ಬಣ್ಣ.

ನಾನು ತಿರುಗಿ ನೋಡಿದೆ. ಜಯಕ್ಕ ಅಡುಗೆಮನೆಯ ಬಾಗಿಲಿಗೆ ಆತುಕೊಂಡು ನಿಂತಿದ್ದಳು.

"ಚಿಟಿಕೆ ಕಣೇ" ಎಂದಳು. "ಒಂದೇ ಒಂದು ಚಿಟಿಕೆ. ಗೋಡೆಗೆ ಗೊತ್ತಾಗಲ್ಲ ಅಂದ್ಕೊಂಡಿದ್ದೆ."

ನಮ್ಮೂರಿನಲ್ಲಿ ಮದುವೆಯಾಗಿ ಹೋಗುವ ಹುಡುಗಿಯ ಜೊತೆ ತವರಿನ ಗೋಡೆಯ ಚಕ್ಕೆಯೊಂದನ್ನು ಬಟ್ಟೆಯಲ್ಲಿ ಕಟ್ಟಿ ಕಳಿಸುತ್ತಾರೆ. ಗಂಡನ ಮನೆಯ ಬಣ್ಣ ಮೈಗೆ ಹತ್ತುವವರೆಗೆ ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡರೆ ಅರೆನಿದ್ದೆಯಾದರೂ ಬರುತ್ತದೆ. ಹೊಸ ಸೊಸೆಯರು ತೂಕಡಿಸುತ್ತಲೇ ಸಾರು ಕುದಿಸುವುದು, ತೂಕಡಿಸುತ್ತಲೇ ಅತ್ತೆಯ ಮಾತಿಗೆ ಹೂಂಗುಡುವುದು ಇಲ್ಲಿ ಎಲ್ಲರ ಮನೆಯ ತಮಾಷೆ. ವರ್ಷ ಕಳೆಯುವುದರೊಳಗೆ ಸರಿಹೋಗುತ್ತದೆ, ಆಮೇಲೆ ಚಕ್ಕೆಯನ್ನು ತುಳಸಿಯ ಬುಡಕ್ಕೆ ಹಾಕುತ್ತಾರೆ.

"ನಂಗೆ ಹತ್ತಲೇ ಇಲ್ಲ" ಎಂದಳು ಜಯಕ್ಕ. "ಈ ವರ್ಷ ಹತ್ತುತ್ತೆ, ಮುಂದಿನ ವರ್ಷ ಹತ್ತುತ್ತೆ ಅಂತ ಹನ್ನೊಂದು ವರ್ಷ ಆಯ್ತು. ಯಾರ ಹತ್ರ ಹೇಳಲಿ? ಹೇಳಿದ್ರೆ ಗಂಡನ ಮನೆ ಹಿಡಿಸಲಿಲ್ಲ ಅಂತಾರೆ. ಹಿಡಿಸಲಿಲ್ಲ ಅಂತೇನಿಲ್ಲ ಕಣೇ. ಎಲ್ರೂ ಒಳ್ಳೇವ್ರೇ. ನಿದ್ದೆ ಬರಲಿಲ್ಲ, ಅಷ್ಟೇ. ದಿಂಬಿನ ಕೆಳಗೆ ಒತ್ತಿ ಒತ್ತಿ ತವರಿನ ರೋಸು ಚಕ್ಕೆ ಪುಡಿಯಾಗ್ಬಿಡ್ತು. ಇನ್ನೊಂದು ತರೋಣ ಅಂತ ತವರಿಗೆ ಹೋದ್ರೆ ನಮ್ಮಣ್ಣ ಗೋಡೆ ತುಂಬಾ ಟೈಲ್ಸ್ ಅಂಟಿಸಿ ಕೂತಿದ್ದ. ನೋಡು ಜಯಾ, ನೀರು ಹಾಕಿ ತೊಳೀಬಹುದು ಅಂತ ಬೇರೆ ತೋರಿಸ್ದ."

ನನಗೆ ನಗು ಬಂತು. ಅವಳೂ ನಕ್ಕಳು, ಕಣ್ಣೊರೆಸಿಕೊಳ್ಳುತ್ತ.

"ಉಳಿದಿದ್ದ ಪುಡೀನ ನೀನು ಕೊಟ್ಟ ಬಣ್ಣಕ್ಕೆ ಕಲಸ್ಬಿಟ್ಟೆ. ಗೋಡೇಲಿ ನಂದೂ ಒಂದು ಚೂರು ಇದ್ರೆ ನಂಗೂ ನಿದ್ದೆ ಬರುತ್ತೇನೋ ಅಂತ ಆಸೆ. ಬರಲಿಲ್ಲ. ಅವರ ನಿದ್ದೆನೂ ಹೋಯ್ತು. ನೀನು ಮತ್ತೆ ಬಣ್ಣ ಕೊಟ್ಟಾಗೆಲ್ಲ ಹಳೇದನ್ನ ಕೆರೆದು ಆ ಪುಡೀನೇ ಇನ್ನೂ ನುಣ್ಣಗೆ ಅರೆದು ಮತ್ತೆ ಕಲಸ್ದೆ. ಚೆಲ್ಲೋಕೆ ಮನಸ್ಸು ಬರಲಿಲ್ಲ."

ಅವಳೇ ನನ್ನ ಚೀಲದಿಂದ ಪುಟ್ಟಿ ಕೆರೆಯುವ ತಗಡನ್ನು ತೆಗೆದು ನನ್ನ ಕೈಗೆ ಕೊಟ್ಟಳು.

"ಕೆರೆದುಬಿಡು. ಗಾರೆ ತನಕ ಕೆರಿ. ಬರೀ ಹಸಿರು ಹಚ್ಚು. ಸ್ಟೇರಿಂಗ್ ಹಿಡಿಯೋರು ಅವ್ರು, ನಾನೇನು ಹಿಡೀತೀನಿ, ಸೌಟು. ನಂಗೆ ಅಭ್ಯಾಸ ಆಗಿದೆ."

ನಾನು ಕೆರೆಯತೊಡಗಿದೆ. ಅವಳು ಕೆಳಗೆ ಸೆರಗು ಹಿಡಿದು ಉದುರಿದ ಪುಡಿಯನ್ನು ಒಟ್ಟುಮಾಡಿಕೊಳ್ಳುತ್ತಿದ್ದಳು. ಮಾಡಿಕೊಳ್ಳಲಿ ಎಂದು ಸುಮ್ಮನಿದ್ದೆ. ಹೊಸ ಹಸಿರು ಹೋಯಿತು, ಪುಟ್ಟಿ ಹೋಯಿತು. ಅದರ ಕೆಳಗೆ ಹೊನ್ನಮ್ಮನ ಎಣ್ಣೆ ಹಳೆಯ ಬಣ್ಣದೊಳಗೇ ಇಳಿದು ಗೋಡೆ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಕೊಬ್ಬರಿ ಎಣ್ಣೆಯ ಕಮಟು ವಾಸನೆ ಬಂತು. ಗಾರೆ ಸಿಗುವ ತನಕ ಕೆರೆಯಬೇಕೆಂದು ತಗಡನ್ನು ಇನ್ನೂ ಒತ್ತಿದೆ. ಎಣ್ಣೆ ಹಿಡಿದ ಪದರ ತಟ್ಟನೆ ಎದ್ದು ಬಂತು. ಅದರಡಿಯಲ್ಲಿ, ಅಂಗೈಯಷ್ಟು ಅಗಲಕ್ಕೆ, ಹಳದಿ.

ಗೋಡೆ ಕಟ್ಟಿದಾಗಿನ ಮೊದಲ ಬಣ್ಣವಿರಬೇಕೆಂದುಕೊಂಡೆ. ಆದರೆ ಅದರ ಸುತ್ತ ಎಲ್ಲ ಕಡೆ ಹಳೆಯ ಹಸಿರೇ ಇತ್ತು. ಮತ್ತೆ ಓರೆಯಾಗಿ ಕಣ್ಣಿಟ್ಟು ನೋಡಿದೆ. ಇದರಲ್ಲೂ ಕಾಳು ಕಾಳು. ಯಾರೋ ಹಳದಿ ಚಕ್ಕೆಯನ್ನು ಕುಟ್ಟಿ, ಹಸಿರಿಗೆ ಕಲಸಿ, ಕೈಯಲ್ಲೇ ಮೆತ್ತಿದ್ದರು. ಬೆರಳಿನ ಗೀರುಗಳು ಹಾಗೇ ಇದ್ದವು.

ಜಯಕ್ಕ ಹತ್ತಿರ ಬಂದಳು. ಬಹಳ ಹೊತ್ತು ಅದನ್ನೇ ನೋಡಿದಳು.

"ಅತ್ತೆ ತವರು ಹಳದಿ" ಎಂದಳು. "ಅವರಣ್ಣ ತೀರಿಕೊಂಡಾಗ ಹೋಗಿದ್ದೆ. ಇದೇ ಅರಿಶಿನ."

ಆಮೇಲೆ ಅವಳು ಮಾತಾಡಿದ್ದು ನನ್ನೊಂದಿಗಲ್ಲ. "ಅದಕ್ಕಾ ಅತ್ತೆ, ಇಲ್ಲೇ ಬಂದು ಕೂರ್ತಿದ್ರಿ? ಮಂಚ ಬಿಟ್ಟು, ಕುರ್ಚಿ ಬಿಟ್ಟು? ತಲೆ ತುಂಬಾ ಎಣ್ಣೆ ಸುರ್ಕೊಂಡು? ನಾನು ಒರೆಸಿದ್ದೇ ಒರೆಸಿದ್ದು, ನೀವು ಬೈದಿದ್ದೇ ಬೈದಿದ್ದು."

ನನಗೂ ಆಗ ಅರ್ಥವಾಯಿತು. ಗೋಡೆಗೆ ಕಲೆಯ ತಕರಾರಿಲ್ಲ, ತೇಪೆಯದಷ್ಟೇ. ಹೊನ್ನಮ್ಮ ತನ್ನ ತೇಪೆಯನ್ನು ತಲೆಯ ಎಣ್ಣೆಯಿಂದ ಮುಚ್ಚಿ, ಕಲೆಯೆಂದು ಗೋಡೆಯನ್ನು ನಂಬಿಸಿ, ಮನೆಯವರನ್ನೆಲ್ಲ ಮಲಗಿಸಿದ್ದಳು. ತಾನು ಮಧ್ಯಾಹ್ನದ ಹೊತ್ತು ಅಲ್ಲಿ ಒರಗಿ ಒಂದಿಷ್ಟು ಕಣ್ಣು ಮುಚ್ಚುತ್ತಿದ್ದಳು. ಗೋಡೆಗೆ ಆ ಎಣ್ಣೆ ಹಿಡಿಯುವ ತನಕ ಈ ಮನೆಯಲ್ಲಿ ಯಾರು ಯಾರು ಎಷ್ಟು ನಿದ್ದೆಗೆಟ್ಟಿದ್ದರೋ, ಯಾರು ಯಾರನ್ನು ಬೈದಿದ್ದರೋ, ಕೇಳೋಣವೆಂದರೆ ಆ ಕಾಲದವರು ಯಾರೂ ಇಲ್ಲ.

ಗೇಟಿನ ಸದ್ದಾಯಿತು. ರುದ್ರೇಶಣ್ಣ. ಈ ಹೊತ್ತಿಗೆ ಅವನು ಘಟ್ಟದ ಅರ್ಧದಲ್ಲಿರಬೇಕಿತ್ತು. ಖಾಕಿ ಅಂಗಿಯ ಮೇಲೆಲ್ಲ ನೀರು.

"ಕೀ ಇಸ್ಕೊಂಡ್ಬಿಟ್ರು" ಎಂದ. "ಮೂರನೇ ತಿರುವಲ್ಲಿ ಎಮ್ಮೆ ಅಡ್ಡ ಬಂತು. ಬ್ರೇಕ್ ಹೊಡೆದೆ. ಹಿಂದಿದ್ದ ಕೆಂಚಜ್ಜಿ ಹಲ್ಲುಸೆಟ್ಟು ಹಾರಿ ಗೇರ್ ಹತ್ರ ಬಿತ್ತು. ಇಳಿದು ನೋಡಿದ್ರೆ ಎಮ್ಮೆನೂ ಇಲ್ಲ, ಎಮ್ಮೆ ಹೆಜ್ಜೆನೂ ಇಲ್ಲ. ನಿದ್ದೆ ಮಾಡ್ಕೊಂಡು ಬಾ, ಸ್ಟೇರಿಂಗ್ ಕೊಡ್ತೀವಿ, ಇಲ್ಲಾಂದ್ರೆ ಕಂಡಕ್ಟರ್ ಆಗಿ ಟಿಕೆಟ್ ಹರಿ ಅಂದ್ರು ಡಿಪೋ ಸಾಹೇಬ್ರು." ನಗಲು ಹೋದ, ಆಗಲಿಲ್ಲ. ಆಗ ಗೋಡೆ ಕಂಡಿತು. "ಇದೇನೇ, ಮನೆ ಅಗೀತಿದೀರ?"

ಜಯಕ್ಕ ಏನನ್ನೂ ಮುಚ್ಚಿಡಲಿಲ್ಲ. ಸೆರಗಿನಲ್ಲಿದ್ದ ಪುಡಿ ತೋರಿಸಿಯೇ ಹೇಳಿದಳು. ಚಕ್ಕೆ, ಚಿಟಿಕೆ, ಹನ್ನೊಂದು ವರ್ಷ, ಎಲ್ಲ. ನಾನು ಹೊರಗೆ ಹೋಗಬೇಕಿತ್ತು. ಹೋಗಲು ಅವನು ಬಾಗಿಲಿಗೆ ಅಡ್ಡ ನಿಂತಿದ್ದ.

"ಅಲ್ವೇ" ಎಂದ ಅವನು ಕೊನೆಗೆ. ದನಿ ಏರಿತ್ತು. "ಬಸ್ಸಲ್ಲಿ ಐವತ್ತು ಜನ ಇರ್ತಾರೆ. ಮೂರನೇ ತಿರುವಿಗೆ ತಡೆಗೋಡೆ ಕೂಡ ಇಲ್ಲ. ನಿಂಗೆ ಚಿಟಿಕೆ ಆಟ!"

"ತಪ್ಪಾಯ್ತು. ಅದಕ್ಕೇ ಕೆರೆಸ್ತಿದೀನಲ್ಲ."

"ಹನ್ನೊಂದು ವರ್ಷ ಪಕ್ಕದಲ್ಲೇ ಮಲಗಿದ್ದೀಯ, ಬಾಯಿ ಇರಲಿಲ್ವಾ?"

"ನೀವು ಗೊರಕೆ ಹೊಡೀತಿದ್ರಿ" ಎಂದಳು ಜಯಕ್ಕ. "ಎಬ್ಬಿಸಿ ಹೇಳೋದಾ? ಬೆಳಿಗ್ಗೆ ಘಟ್ಟ ಹತ್ತಬೇಕಲ್ಲ ಇವ್ರು ಅಂತ ಸುಮ್ಮನಾಗ್ತಿದ್ದೆ."

ಅವನ ಕಣ್ಣು ಆ ಹಳದಿಗೆ ಹೋಯಿತು. ಅದೇನೆಂದು ಕೇಳಿದ. ಜಯಕ್ಕ ನನ್ನ ಕಡೆ ನೋಡಿದಳು. ನಾನೇ ಹೇಳಬೇಕಾಯಿತು. ಎಣ್ಣೆ ಯಾಕೆ, ಒರಗುವುದು ಯಾಕೆ ಎಂದು ತೊದಲುತ್ತ ಹೇಳಿದೆ. ಗಂಡಸರ ಮುಂದೆ ಅಷ್ಟು ಉದ್ದ ಮಾತು ನಾನು ಆಡಿದ್ದು ಅದೇ ಮೊದಲು.

ಅವನು ಬಂದು ಗೋಡೆಯ ಮುಂದೆ ಮಂಡಿಯೂರಿ ಕೂತ. ಹಳದಿಯ ಮೇಲಿದ್ದ ಬೆರಳಿನ ಗೀರುಗಳ ಮೇಲೆ ತನ್ನ ಬೆರಳಿಟ್ಟು ನೋಡಿದ. ಅವನ ಬೆರಳು ದೊಡ್ಡವು, ಕೂಡಲಿಲ್ಲ.

"ಅಮ್ಮಾನೂ ಮಲಗ್ತಿರಲಿಲ್ವಾ?" ಎಂದ. "ನಾನು ಎಷ್ಟು ಹೊತ್ತಿಗೆ ಎದ್ರೂ ಅವಳು ಎದ್ದಿರ್ತಿದ್ಲು. ಏನಮ್ಮಾ ಬೇಗ ಎದ್ಯಲ್ಲ ಅಂದ್ರೆ ಈಗ ತಾನೇ ಎದ್ದೆ ಅನ್ನೋಳು."

ಕುಕ್ಕರಿಸಿ ಕುಕ್ಕರಿಸಿ ನನ್ನ ಕಾಲು ಜೋಮು ಹಿಡಿದಿತ್ತು. ಎಲ್ಲವನ್ನೂ ಗಾರೆಯ ತನಕ ಕೆರೆದು ಬರೀ ಹಸಿರು ಹಚ್ಚಿದರೆ ಅವನಿಗೆ ನಿದ್ದೆ ಬರುತ್ತದೆ, ಸ್ಟೇರಿಂಗ್ ಬರುತ್ತದೆ. ನಾನು ಬಂದದ್ದು ಅದಕ್ಕೇ. ಅದನ್ನು ಮಾಡಿ, ಡಬ್ಬ ಮುಚ್ಚಿ, ಮನೆಗೆ ಹೋಗಿ ಮಲಗಬಹುದಿತ್ತು. ಆದರೆ ತಗಡು ಹಿಡಿದ ಕೈ ಆ ಹಳದಿಯ ಮೇಲೆ ಏಳಲಿಲ್ಲ.

"ಇನ್ನೊಂದು ಥರಾನೂ ಮಾಡ್ಬಹುದು" ಎಂದೆ. ಇಬ್ಬರೂ ನನ್ನ ಕಡೆ ತಿರುಗಿದರು. ಮುಖ ಬಿಸಿಯಾಯಿತು. "ಗೋಡೆಗೆ ತೇಪೆ ಹೊಂದಿಸೋ ಬದಲು, ತೇಪೆಗೇ ಗೋಡೆ ಹೊಂದಿಸೋದು. ಹಸಿರು, ಹಳದಿ, ಜಯಕ್ಕನ ರೋಸು, ಮೂರೂ ಸೇರಿಸಿ ಒಂದೇ ಬಣ್ಣ ಕಲಸಿ ಮನೆಯೆಲ್ಲ ಬಳಿಯೋದು. ಆಗ ತೇಪೆ ಅಂತ ಇರಲ್ಲ, ಜಯಕ್ಕಂಗೂ ನಿದ್ದೆ ಬರಬಹುದು. ಆದ್ರೆ ಅದು ನಿಮ್ಮ ಬಣ್ಣ ಆಗಿರಲ್ಲ, ರುದ್ರೇಶಣ್ಣ. ನಿಮಗೆ ಹೊಸದಾಗಿ ಹತ್ತಬೇಕು. ಹಸಿರೂ ಇರೋದ್ರಿಂದ ಅರೆನಿದ್ದೆ ಬರಬಹುದು. ಅಷ್ಟು ನಿದ್ದೇಲಿ ಘಟ್ಟದಲ್ಲಿ ಓಡಿಸೋಕೆ ಆಗಲ್ಲ."

"ಬೇಡ" ಎಂದಳು ಜಯಕ್ಕ ತಕ್ಷಣ. "ಅವ್ರು ಬಸ್ಸು ಬಿಟ್ಟು ಬದುಕಲ್ಲ. ಈ ಮನೆಗೆ ನಂಗಿಂತ ಮೊದಲು ಬಂದಿದ್ದು ಆ ಬಸ್ಸು. ಬೇಡ ರೀ, ಕೆರೀಲಿ. ಹೇಳಿದೆನಲ್ಲ, ನಂಗೆ ಅಭ್ಯಾಸ ಆಗಿದೆ."

"ಅಮ್ಮನಿಗೂ ಆಗಿತ್ತು" ಎಂದ ರುದ್ರೇಶಣ್ಣ.

ಅವನು ಎದ್ದು ಹೊರಗೆ ಹೋಗಿ ಜಗಲಿಯ ಮೇಲೆ ಕೂತ. ಎರಡೂ ಕೈ ಮುಂದೆ ಚಾಚಿ, ಇಲ್ಲದ ಸ್ಟೇರಿಂಗ್ ಹಿಡಿದವನ ಹಾಗೆ ಒಮ್ಮೆ ಎಡಕ್ಕೆ ತಿರುಗಿಸಿದ, ಒಮ್ಮೆ ಬಲಕ್ಕೆ. ಆಮೇಲೆ ಕೈ ಕೆಳಗಿಳಿಸಿ ಒಳಗೆ ಕೂಗಿದ.

"ಅರೆನಿದ್ದೆ ಕಂಡಕ್ಟರ್ ಆದ್ರೆ ಏನಾಗುತ್ತೆ? ಚಿಲ್ಲರೆ ತಪ್ಪು ಕೊಡ್ತಾನೆ, ಅಷ್ಟೇ ತಾನೇ. ಕಲಸಮ್ಮಾ ನೀನು."

ಜಯಕ್ಕ ಇನ್ನೂ ಏನೋ ಹೇಳಲು ಹೋದಳು. "ಸುಮ್ನಿರೇ" ಎಂದ ಅವನು. "ಬಸ್ಸಲ್ಲೇ ಇರ್ತೀನಲ್ಲ. ಸೀಟು ಬೇರೆ."

ಅಂಗಡಿಗೆ ಬಂದು ದೊಡ್ಡ ಬಕೆಟ್ಟಿನಲ್ಲಿ ಕಲಸಿದೆ. ಜಯಕ್ಕ ಕೊಟ್ಟ ಪುಡಿಯನ್ನು ಬಟ್ಟೆಯಲ್ಲಿ ಸೋಸದೆ ಹಾಗೇ ಹಾಕಿದೆ. ಹೊನ್ನಮ್ಮನ ಹಳದಿಯನ್ನು ಬೆರಳಿನ ಗೀರುಗಳಿದ್ದ ಭಾಗ ಬಿಟ್ಟು ಅಂಚಿನಿಂದ ಸ್ವಲ್ಪವೇ ಕೆರೆದು ತಂದಿದ್ದೆ, ಅದನ್ನೂ ಹಾಕಿದೆ. ಹಸಿರಿಗೆ ಹಳದಿ ಸರಿಹೋಯಿತು. ಅದಕ್ಕೆ ರೋಸು ಸೇರಿದ್ದೇ ತಡ, ಬಣ್ಣ ಸತ್ತೇಹೋಯಿತು. ಹಸಿರಲ್ಲ, ಕಂದಲ್ಲ, ಬೂದಿಯೂ ಅಲ್ಲ.

ಮರಿಸ್ವಾಮಣ್ಣ ಬಕೆಟ್ಟಿನೊಳಗೆ ಇಣುಕಿದರು. "ಇದೇನಿದು ಕಲಗಚ್ಚು? ಗೋಡೆಗೋ ಹಸುವಿಗೋ?"

"ಗೋಡೆಗೆ" ಎಂದೆ.

"ಇದನ್ನ ಬಳಿದ್ರೆ ನಮ್ಮ ಅಂಗಡಿ ಹೆಸರು ಹೇಳಬೇಡಿ ಅಂತ ಹೇಳು ಅವರಿಗೆ."

ಇನ್ನಷ್ಟು ಚೆಂದ ಮಾಡಬಹುದಿತ್ತು. ಇನ್ನೊಂದಿಷ್ಟು ಬಿಳಿ ಬೆರೆಸಿದರೆ ಕಣ್ಣಿಗೆ ತಂಪಾಗುತ್ತಿತ್ತು. ಆದರೆ ಬಿಳಿ ಯಾರ ಮನೆಯಿಂದಲೂ ಬಂದದ್ದಲ್ಲ, ಬೆರೆಸಲಿಲ್ಲ.

ಬಳಿದದ್ದು ನಾವು ಮೂವರೇ. ರುದ್ರೇಶಣ್ಣ ಮೇಲಿನ ಭಾಗ, ನಾನು ಮೂಲೆಗಳು, ಜಯಕ್ಕ ಕೆಳಗಿನದು. ಮೊದಲ ದಿನ ಮಲಗುವ ಕೋಣೆ, ಅಡುಗೆಮನೆ. ರುದ್ರೇಶಣ್ಣನಿಗೆ ಬ್ರಷ್ಷು ಹಿಡಿದ ಕೈಯಲ್ಲೇ ಕಣ್ಣು ಎಳೆಯುತ್ತಿತ್ತು. ತ್ರಾಣವಿಲ್ಲದೆ ಮೂವರೂ ಆಗಾಗ ಸುಮ್ಮನೆ ನಿಂತುಬಿಡುತ್ತಿದ್ದೆವು. "ಈ ಬಣ್ಣಕ್ಕೆ ಏನಂತಾರಮ್ಮಾ?" ಎಂದು ಅವನು ಕೇಳಿದ. ಇದಕ್ಕೆ ಹೆಸರಿಲ್ಲ ಎಂದೆ. "ಹೆಸರಿಲ್ದೆ ಇದ್ರೆ ನಾಳೆ ಗಾರೆ ಉದುರಿದಾಗ ಹೇಗೆ ಕೇಳೋದು?" ಎಂದಳು ಜಯಕ್ಕ. ನನ್ನನ್ನೇ ಕೇಳಿ ಎಂದೆ. "ನೀನು ಮದ್ವೆ ಆಗಿ ಹೋದ್ಮೇಲೆ?" ಎಂದಳು. ನಾನು ಮೂಲೆಗೆ ತಿರುಗಿ ಬಳಿಯುತ್ತಲೇ ಇದ್ದೆ.

ಎರಡನೆಯ ದಿನ ನಡುಮನೆ ಮಾತ್ರ ಬಾಕಿ. ರುದ್ರೇಶಣ್ಣ ಡಿಪೋಗೆ ಹೋಗಿದ್ದ. ನಾವಿಬ್ಬರೇ ಮುಗಿಸಿದೆವು. ಹೊನ್ನಮ್ಮನ ಬೆರಳಿನ ಗೀರುಗಳ ಮೇಲೆ ಪುಟ್ಟಿ ಹಾಕದೆ ಜಯಕ್ಕ ಹಾಗೇ ಬಣ್ಣ ಬಳಿದಳು. ಮಧ್ಯಾಹ್ನದ ಹೊತ್ತಿಗೆ ಗಾಳಿಗೆ ಎಲ್ಲ ಒಣಗಿತು. ಕಣ್ಣು ಅರ್ಧ ಮುಚ್ಚಿಕೊಂಡು ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ನೋಡಿದೆ. ಎಲ್ಲಿಯೂ ಯಾವುದೂ ಬೇರೆಯಾಗಿ ಕಾಣಲಿಲ್ಲ. ಜಯಕ್ಕ ಕುಕ್ಕರಿನಲ್ಲಿ ಅಕ್ಕಿ ಇಟ್ಟು ಬಂದು, "ಉಸ್ಸಪ್ಪಾ, ಕೂಗೋತನಕ ಕೂತಿರ್ತೀನಿ" ಎಂದು ನೆಲದಲ್ಲಿ ಕಾಲು ಚಾಚಿ ಗೋಡೆಗೆ ಒರಗಿದಳು. ನಾನು ಬ್ರಷ್ಷು ತೊಳೆಯಲು ಹಿತ್ತಲಿಗೆ ಹೋದೆ.

ಬಂದು ನೋಡಿದರೆ ಅವಳ ಬಾಯಿ ತೆರೆದಿತ್ತು. ಕೈ ಜಾರಿ ನೆಲದ ಮೇಲೆ ಅಂಗಾತ ಬಿದ್ದಿತ್ತು. ಮೊದಲು ಹೆದರಿಬಿಟ್ಟೆ. ಆಮೇಲೆ ಉಸಿರು ಕೇಳಿಸಿತು. ಸಣ್ಣದಾಗಿ ಗೊರಕೆ ಹೊಡೆಯುತ್ತಿದ್ದಳು.

ಆಗಲೇ ರುದ್ರೇಶಣ್ಣ ಬಂದ. ಹೆಗಲಿಗೆ ಕಂಡಕ್ಟರನ ಚರ್ಮದ ಚೀಲ. ಹೊಸ್ತಿಲಲ್ಲಿ ಚಿಲ್ಲರೆ ಝಣ್ ಎಂದಿತು. ಅವನು ಅವಳನ್ನು ಕಂಡವನೇ ಎರಡೂ ಕೈಯಿಂದ ಚೀಲವನ್ನು ಹೊಟ್ಟೆಗೆ ಅವುಚಿಕೊಂಡು ನಿಂತ. ಹಾಗೇ ನಿಂತಿದ್ದ. ಅವನ ಕಣ್ಣು ಕೆಂಡದ ಹಾಗಿತ್ತು. ಹನ್ನೊಂದು ವರ್ಷದಲ್ಲಿ ಅವಳು ನಿದ್ದೆ ಹೋದದ್ದನ್ನು ಅವನು ನೋಡಿದ್ದು ಅದೇ ಮೊದಲಿರಬೇಕು.

ಅಡುಗೆಮನೆಯಲ್ಲಿ ಕುಕ್ಕರು ಬುಸುಗುಡತೊಡಗಿತು. ಇನ್ನೇನು ಕೂಗುವುದರಲ್ಲಿತ್ತು. ನಾನು ಹೆಜ್ಜೆ ಎತ್ತುವ ಮೊದಲೇ ಅವನು ತುದಿಗಾಲಿನಲ್ಲಿ ಓಡಿ ಒಲೆ ಆರಿಸಿದ. ಬುಸು ತಣ್ಣಗಾಯಿತು. ಬಾಗಿಲಿನಿಂದ ತಲೆಯಷ್ಟೇ ಹೊರಗೆ ಹಾಕಿ, ತುಟಿಯಲ್ಲೇ, "ಬೆಂದಿರುತ್ತಾ?" ಎಂದು ಕೇಳಿದ.

ಇಲ್ಲ ಎಂದು ತಲೆಯಾಡಿಸಿದೆ.

ಬಹಳ ಹೊತ್ತಿನ ಮೇಲೆ ಸದ್ದಾಗದ ಹಾಗೆ ಮುಚ್ಚಳ ತೆಗೆದು ಎರಡು ತಟ್ಟೆಗೆ ಬಡಿಸಿಕೊಂಡು ಬಂದ. ಹೊರಗೆ ಮೆಟ್ಟಿಲ ಮೇಲೆ ಕೂತೆವು. ಅನ್ನ ನಡುವೆ ಅಕ್ಕಿಯಾಗಿಯೇ ಇತ್ತು, ಹಲ್ಲಿಗೆ ಸಿಕ್ಕರೆ ಕಟಕಟ ಅನ್ನುತ್ತಿತ್ತು. ಅವನು ಒಳಗಿನ ಕಡೆ ಒಮ್ಮೆ ತಿರುಗಿ ನೋಡಿ ಅಗಿಯುವುದನ್ನು ನಿಲ್ಲಿಸಿದ. ಬಾಯಲ್ಲಿ ಇದ್ದದ್ದನ್ನು ಅದು ಮೆತ್ತಗಾಗುವ ತನಕ ಹಾಗೇ ಇಟ್ಟುಕೊಂಡು ಕೂತ. ನಾನೂ ಹಾಗೇ ಮಾಡಿದೆ.